ಸಹಾಯ ಬೇಕು: ಅಮ್ಮನ ಬಾಯಿ ಉರಿ ಎಂಟು ತಿಂಗಳಾದರೂ ಹೋಗಿಲ್ಲ

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಮ್ಮನಿಗೆ 58 ವರ್ಷ. ಎಂಟು ತಿಂಗಳಿಂದ ಬಾಯಿ ಪೂರ್ತಿ ಉರಿ. ನಾಲಿಗೆ ಕೆಂಪಗೆ, ನುಣ್ಣಗಾಗಿದೆ. ತುಟಿಯ ಮೂಲೆ ಒಡೆದಿದೆ. ಅಪ್ಪೆಮಿಡಿ ಇಲ್ಲದೆ ಊಟ ಮಾಡದವರು ಈಗ ಬರೀ ಮಜ್ಜಿಗೆ ಅನ್ನವನ್ನೂ ಕಣ್ಣು ಮುಚ್ಚಿಕೊಂಡು ನುಂಗುತ್ತಾರೆ. ನೋಡೋಕಾಗಲ್ಲ.

ಮೊದಲು ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡರು, ಕಡಿಮೆಯಾಗಲಿಲ್ಲ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.9, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋದು) 6. ಕಬ್ಬಿಣದ ಅಂಶ ತುಂಬಾ ಕಡಿಮೆ ಅಂದರು ಡಾಕ್ಟರು. ಮಾತ್ರೆ ಶುರುವಾಗಿದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ. ಅಮ್ಮನಿಗೆ ಉಂಡ ಕೂಡಲೇ ಕಾಫಿ ಬೇಕು, ಅದನ್ನು ಬಿಡಿಸೋದೇ ಕಷ್ಟವಾಗಿದೆ.

ಜಿಂಕ್, ಬಿ12 ಕೂಡ ನೋಡಿಸಬೇಕಾ? ಇದೇ ತರ ಆದವರಿಗೆ ಉರಿ ಎಷ್ಟು ದಿನಕ್ಕೆ ಇಳಿಯಿತು? ಶಿವಮೊಗ್ಗದಲ್ಲಿ ಇದನ್ನು ಚೆನ್ನಾಗಿ ನೋಡುವ ಡಾಕ್ಟರಿದ್ದರೆ ದಯವಿಟ್ಟು ತಿಳಿಸಿ.