45061 ಅಂದ್ರ ಯಾವ ತಾರೀಖ್ರಿ?

ಕೇಳಿದವರು, ಕಲಬುರಗಿ:
ಆಳಂದ ಕಡಿ ಬೋರ್‌ಗಳ ನೀರಿನ ಮಟ್ಟ ಮಳಿಗಾಲಕ್ಕ ಮೊದಲು ಒಮ್ಮೆ, ಮುಗದ ಮ್ಯಾಲ ಒಮ್ಮೆ ಅಳದು ಎಕ್ಸೆಲ್‌ನ್ಯಾಗ ಬರದಿಟ್ಟೀವ್ರಿ. ನಕ್ಷಾ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೆ ತಂದ್ರ ಬೋರಿನ ಬಾಜೂಕ ತಾರೀಖಿನ ಬದ್ಲಿ 45061, 45245 ಅಂತ ಬರ್ಲತ್ತದ. ಊರಾಗ ನಕ್ಷಾ ತೋರಿಸಿದ್ರ "ಇದೇನು ಬೋರಿನ ನಂಬರಾ?" ಅಂತ ಕೇಳ್ತಾರ. ಓದ್ಲಿಕ್ಕ ಬರೋ ಹಂಗ ಮಾಡೋದು ಹ್ಯಾಂಗ? ಮಾಡಿದವರು ಹೇಳ್ರಿ.

ಬೀದರಿನಿಂದ:
ಅದು ತಾರೀಖೇ ರೀ, ಏನೂ ಕೆಟ್ಟಿಲ್ಲ. ಎಕ್ಸೆಲ್ ತಾರೀಖನ್ನ ಒಳಗ ದಿನದ ಎಣಿಕಿ ಮಾಡಿ ಇಟ್ಕೊಂಡಿರ್ತದ, 1900ರ ಜನವರಿ 1 ಅಂದ್ರ ಒಂದು. ನಿಮ್ಮ 45061 ಅಂದ್ರ 2023ರ ಮೇ 15. 45245 ಅಂದ್ರ ಅದೇ ವರ್ಷದ ನವೆಂಬರ್ 15. ಚುಕ್ಕಿ ಮುಂದ 5 ಇದ್ರ ಮಧ್ಯಾಹ್ನ ಹನ್ನೆರಡು ಗಂಟೆ.

ನಾ ಮೊದಲ ಸಲ 1900ರ ಜನವರಿ 1ಕ್ಕೇ ದಿನ ಕೂಡಿಸಿ ಕುಂತೆ. ಎಲ್ಲಾ ತಾರೀಖು ಎರಡೆರಡು ದಿನ ಮುಂದ ಹೋದ್ವು. ಫೀಲ್ಡ್ ಡೈರಿ ತಾಳೆ ನೋಡಿದಾಗ ರವಿವಾರ ಮನಿಯಾಗ ಮಲಗಿದ್ದ ದಿನಾನೂ ಬಾವಿ ಅಳದಂಗ ಬಂದಿತ್ತು! ಒಂದು ದಿನ ಯಾಕಂದ್ರ ಜನವರಿ 1 ತಾನೇ ಒಂದು, ಸೊನ್ನೆ ಅಲ್ಲ. ಇನ್ನೊಂದು ದಿನದ್ದು ಮಜಾ ಅದ: ಎಕ್ಸೆಲ್ 1900ನ್ನ ಅಧಿಕ ವರ್ಷ ಅಂತ ತಿಳದು, ಇಲ್ಲದ ಫೆಬ್ರವರಿ 29ನ್ನೂ ಎಣಸ್ತದ. ಎಕ್ಸೆಲ್‌ಗಿಂತ ಹಳೇ ಲೆಕ್ಕದ ಸಾಫ್ಟ್‌ವೇರ್ ಲೋಟಸ್ 1-2-3ರಾಗ ಇದ್ದ ತಪ್ಪು ಅದು, ಹಳೇ ಹಾಳಿಗಳು ಹೊಂದಿಕೊಳ್ಳಲಿ ಅಂತ ಹಂಗೇ ಉಳಿಸ್ಯಾರ. ಅದಕ್ಕ 1899ರ ಡಿಸೆಂಬರ್ 30ರಿಂದ ಕೂಡಿಸ್ರಿ, ಬರಾಬರ್ ಬರ್ತದ.

ಯಾದಗಿರಿಯಿಂದ:
ಮ್ಯಾಲಿನವರು ಹೇಳಿದ್ದನ್ನ ಕ್ಯೂಜಿಐಎಸ್‌ನ್ಯಾಗ ಹಿಂಗ ಮಾಡ್ರಿ. ಸೂತ್ರ ಬರಿಯೋ ಫೀಲ್ಡ್ ಕ್ಯಾಲ್ಕುಲೇಟರ್‌ನ್ಯಾಗ ಹೊಸ ಟೆಕ್ಸ್ಟ್ ಕಾಲಂ ತಗೋರಿ. ಟು-ಡೇಟ್ ಫಂಕ್ಷನ್‌ಗೆ 1899-12-30 ಕೊಡ್ರಿ. ನಿಮ್ಮ ಕಾಲಂಗೆ 'ಡೇಸ್' ಅನ್ನೋ ಪದ ಅಂಟಿಸಿ (ನಡುವ ಒಂದು ಜಾಗ ಬಿಡ್ರಿ, ಮರೀಬ್ಯಾಡ್ರಿ) ಟು-ಇಂಟರ್‌ವಲ್‌ಗೆ ಹಾಕ್ರಿ. ಎರಡನ್ನೂ ಕೂಡಿಸಿ ಫಾರ್ಮ್ಯಾಟ್-ಡೇಟ್ ಒಳಗ ಇಡ್ರಿ. ಅದರಾಗ ದಿನ-ತಿಂಗಳು-ವರ್ಷದ ಮಾದರಿ ಬರಿಯೋವಾಗ ತಿಂಗಳಿಗೆ ಎಂ ಅಕ್ಷರ ದೊಡ್ಡದೇ ಇರಬೇಕು. ಸಣ್ಣ ಎಂ ಅಂದ್ರ ನಿಮಿಷ. ನಂದು ಎಲ್ಲಾ ಸಾಲಿಗೂ ತಿಂಗಳು 00 ಬಂದು ಅರ್ಧ ದಿನ ತಲಿ ಕೆಟ್ಟಿತ್ತು.

ಕಾಲಂ ಉದ್ದ 10 ಇಡ್ರಿ. ನಾ ನಕ್ಷಾದ ಮಾಹಿತಿ ಇಡೋ ಶೇಪ್‌ಫೈಲ್‌ನ್ಯಾಗ 8 ಇಟ್ಟಿದ್ದೆ, 15-05-20 ಅಂತ ಕತ್ತರಿಸಿ 2020ರ ಲೆಕ್ಕ ಅನ್ನೋ ಹಂಗ ಕಾಣ್ತಿತ್ತು. ಬರೇ ತೋರ್ಸ್ಲಿಕ್ಕಾದ್ರ ಹೊಸ ಕಾಲಂ ಸಹ ಬ್ಯಾಡ, ಲೇಬಲ್ ಜಾಗದಾಗೇ ಈ ಸೂತ್ರ ಬರೀಬಹುದು. ಮೂಲ ಅಂಕಿ ಕಾಲಂ ಮಾತ್ರ ಅಳಿಸಬ್ಯಾಡ್ರಿ. ದಿನ ಮೊದಲು ಬರೋ ಟೆಕ್ಸ್ಟ್ ಮ್ಯಾಲ ವಿಂಗಡಣಿ ಮಾಡಿದ್ರ ನವೆಂಬರ್ 2 ಬಂದು ಮೇ 15ರ ಮುಂದ ಕೂಡ್ತದ.

ಕಲಬುರಗಿಯಿಂದ, ಇನ್ನೊಬ್ಬರು:
ನನಗ ಇಷ್ಟೆಲ್ಲಾ ಆಗಂಗಿಲ್ಲಪ್ಪ. ನಾ ಎಕ್ಸೆಲ್‌ನ್ಯಾಗೇ ಟೆಕ್ಸ್ಟ್ ಅನ್ನೋ ಫಂಕ್ಷನ್ ಹಾಕಿ ತಾರೀಖನ್ನ ಅಕ್ಷರ ಮಾಡಿ ಆಮ್ಯಾಲ ಒಯ್ತೀನಿ. ಒಂದೇ ಮಾತು: ಹಾಳಿ ಹಳೇ ಮ್ಯಾಕ್‌ನ್ಯಾಗ ಮಾಡಿದ್ದಿದ್ರ ಎಣಿಕಿ 1904ರಿಂದ ಶುರು ಆಗಿರಬಹುದು, 1462 ದಿನ ಫರಕ್ ಬರ್ತದ.

ಕೇಳಿದವರು:
ಬಂತ್ರಿ, 15-05-2023! ಹನ್ನೊಂದು ಬೋರಿನವು ಮಾತ್ರ ಬರಾಬರ್ ಬರ್ಲಿಲ್ಲ. ಹಾಳಿ ತಗದು ನೋಡಿದ್ರ ಉಳದ ತಾರೀಖೆಲ್ಲಾ ಖಾನಿಯ ಬಲಕ್ಕ ನಿಂತಾವ, ಈ ಹನ್ನೊಂದು ಎಡಕ್ಕ ಅಂಟ್ಕೊಂಡಾವ. ನಮ್ಮ ಹುಡುಗ ಚುಕ್ಕಿ ಹಾಕಿ 15.05.2023 ಅಂತ ಹೊಡದಾನ, ಎಕ್ಸೆಲ್‌ಗೆ ಅದು ತಾರೀಖೇ ಅಲ್ಲ. ಅವನ್ನ ಕೈಲೇ ತಿದ್ದಲತ್ತೀನಿ.