ಗುಲಾಬಿಗೆ ತಿರುಗಿದ ಈಸ್ಟ್‌ಮನ್‌ಕಲರ್ ಪ್ರಿಂಟ್: ಬಿಳಿ ಸರಿಹೋದರೂ ಕುಂಕುಮ ಕಂದಾಗುತ್ತಿದೆ

ಪ್ರಶ್ನೆ

1970ರ ದಶಕದ ಕನ್ನಡ ಚಿತ್ರವೊಂದರ 35 ಎಂ.ಎಂ. ಈಸ್ಟ್‌ಮನ್‌ಕಲರ್ (ಕೊಡಾಕ್ ಕಂಪನಿಯ ಬಣ್ಣದ ಫಿಲ್ಮ್) ಪ್ರಿಂಟಿನ, ಅಂದರೆ ಚಿತ್ರಮಂದಿರದಲ್ಲಿ ಓಡಿಸುವ ಪ್ರತಿಯ, ಮೂರು ರೀಲುಗಳನ್ನು ಸ್ಕ್ಯಾನ್ ಮಾಡಿಸಿದ್ದೇನೆ. ನೆಗೆಟಿವ್ ಸಿಗಲಿಲ್ಲ. ದೃಶ್ಯಗಳೆಲ್ಲ ಗುಲಾಬಿಗೆ ತಿರುಗಿವೆ. ಕೆಂಪು ಚಾನೆಲ್ಲನ್ನು ಒಟ್ಟಾಗಿ ಇಳಿಸಿದರೆ ನೆರಳು ಕೆಂಪಾಗಿಯೇ ಉಳಿದು ಬಿಳಿ ಪಂಚೆ ಹಸಿರು-ನೀಲಿಯಾಗುತ್ತದೆ. ಬಳಿಕ ಕೆಂಪಿನ ಕಾಂಟ್ರಾಸ್ಟನ್ನು ಎರಡು ಪಟ್ಟಿಗೂ ಹೆಚ್ಚಿಸಿದೆ. ಪಂಚೆಯೂ ತಲೆಗೂದಲೂ ಸರಿಹೋದವು, ಆದರೆ ನಾಯಕಿಯ ಹಣೆಯ ಕುಂಕುಮ ಒಣಗಿದ ಹುಣಿಸೆಹಣ್ಣಿನ ಬಣ್ಣಕ್ಕೆ ಬಂದಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ

ತಾವು ಹಿಡಿದ ದಾರಿ ಸರಿಯಾಗಿಯೇ ಇದೆ, ನಡುವೆ ಒಂದು ಹೆಜ್ಜೆ ಬಿಟ್ಟುಹೋಗಿದೆ. ಆ ಕಾಲದ ಪ್ರಿಂಟುಗಳಲ್ಲಿ ಡಬ್ಬಿಯ ಕತ್ತಲಲ್ಲಿದ್ದರೂ ಮೊದಲು ಮಾಸುವುದು ಸಾಮಾನ್ಯವಾಗಿ ಸಯಾನ್ ಡೈ, ಅಂದರೆ ಹಸಿರು-ನೀಲಿ ಬಣ್ಣದ್ರವ್ಯ. ಕೆಂಪು ಬೆಳಕನ್ನು ತಡೆಯಬೇಕಾದದ್ದು ಅದೇ ಆದ್ದರಿಂದ, ಅದು ಹೆಚ್ಚಾಗಿರಬೇಕಾದ ನೆರಳಿನಲ್ಲೇ ನಷ್ಟವೂ ಹೆಚ್ಚು.

ಆದರೆ ಕೆಂಪು ಚಾನೆಲ್ಲಿನಲ್ಲಿ ಅಳೆಯುವ ಸಾಂದ್ರತೆಯೆಲ್ಲ (ಎಷ್ಟು ಬೆಳಕು ತಡೆಯಲಾಗಿದೆ ಎಂಬ ಲಾಗ್ ಅಳತೆ) ಸಯಾನಿನದಲ್ಲ. ಮುಖ್ಯವಾಗಿ ಹಸಿರು ಬೆಳಕನ್ನು ತಡೆಯುವ ಮೆಜೆಂಟಾ (ನೇರಳೆ-ಗುಲಾಬಿ) ಡೈ ಕೂಡ ಸ್ವಲ್ಪ ಕೆಂಪು ಬೆಳಕನ್ನು ಹೀರುತ್ತದೆ. ಕುಂಕುಮವೆಂದರೆ ಪ್ರಿಂಟಿನಲ್ಲಿ ಹಳದಿ ಮತ್ತು ಮೆಜೆಂಟಾ. ಅಲ್ಲಿ ಸಯಾನ್ ಅಲ್ಪ. ತಾವು ಕೆಂಪನ್ನು ಇಡಿಯಾಗಿ ಗುಣಿಸಿದಾಗ, ಮಾಸದೇ ಉಳಿದ ಮೆಜೆಂಟಾದ ಪಾಲೂ ದುಪ್ಪಟ್ಟಾಯಿತು.

ಎರಡು ಚೌಕಟ್ಟುಗಳ ನಡುವಿನ ಫ್ರೇಮ್ ಲೈನ್ ಪ್ರಿಂಟಿನಲ್ಲಿ ಕಡುಕಪ್ಪಾಗಿರಬೇಕು, ಅಂದರೆ ಅಲ್ಲಿ ಕೆಂಪು, ಹಸಿರುಗಳ ಸಾಂದ್ರತೆ ಹೆಚ್ಚುಕಡಿಮೆ ಸಮನಾಗಿರಬೇಕು. ಅಳತೆಗೆ ಅದೇ ಆಧಾರ. ಫಿಲ್ಮಿನ ತಳದ ಸಾಂದ್ರತೆಯನ್ನು ಕಳೆದ ಮೇಲೆ ಅಲ್ಲಿ ಹಸಿರು 2.6, ಕೆಂಪು 1.2 ಬಂದಿದೆ ಎಂದುಕೊಳ್ಳೋಣ. ಹಸಿರಿನ ಹತ್ತನೇ ಒಂದು ಪಾಲನ್ನು, ಅಂದರೆ 0.26ನ್ನು, ಮೆಜೆಂಟಾದ ಪಾಲೆಂದು ಎರಡೂ ಕಡೆ ಕಳೆಯಿರಿ. ಕೆಂಪಿನಲ್ಲಿ ಉಳಿದ 0.94ನ್ನು ಹಸಿರಿನಲ್ಲಿ ಉಳಿದ 2.34ಕ್ಕೆ ಏರಿಸಲು ಸುಮಾರು 2.5ರಿಂದ ಗುಣಿಸಬೇಕು, ಗುಣಿಸಿದ ಮೇಲೆ ಕಳೆದದ್ದನ್ನು ಮತ್ತೆ ಕೂಡಿಸಬೇಕು. ಈಗ ಹಸಿರು 1.5, ಕೆಂಪು 0.25 ಇರುವ ಕುಂಕುಮವನ್ನು ನೋಡಿ: ನೇರ ಗುಣಾಕಾರದಲ್ಲಿ ಕೆಂಪು 0.54ಕ್ಕೇರಿ ಶೇ. 29ರಷ್ಟು ಬೆಳಕು ಮಾತ್ರ ದಾಟುತ್ತದೆ, ಈ ಕ್ರಮದಲ್ಲಿ 0.40ಕ್ಕೆ ನಿಂತು ಶೇ. 40ರಷ್ಟು ದಾಟುತ್ತದೆ. ಹತ್ತನೇ ಒಂದು ಎಂಬುದು ಆರಂಭದ ಅಂದಾಜು ಅಷ್ಟೆ; ಕೆಂಪು ಸೀರೆ, ಕುಂಕುಮಗಳನ್ನು ನೋಡಿಕೊಂಡು ತಿದ್ದಿಕೊಳ್ಳಿ. ಲೆಕ್ಕವೆಲ್ಲ ಸಾಂದ್ರತೆಯಲ್ಲಿ, ಅಂದರೆ ಲಾಗ್ ಮೌಲ್ಯಗಳಲ್ಲೇ ನಡೆಯಬೇಕು.

ಪ್ರಶ್ನೆ ಕೇಳಿದವರು

ಕುಂಕುಮ ಮರಳಿ ಬಂತು, ಅನಂತ ಧನ್ಯವಾದಗಳು. ಎರಡನೇ ರೀಲಿನ ರಾತ್ರಿಯ ದೃಶ್ಯವೊಂದು ಮಾತ್ರ ಇನ್ನೂ ಬಹಳ ನೀಲಿಯಾಗಿದೆ. ಅದನ್ನೂ ಛಾಯೆಯಿಲ್ಲದ ಬೂದು ಬಣ್ಣಕ್ಕೆ ತರಬೇಕೇ?

ಉತ್ತರ

ದಯವಿಟ್ಟು ಈಗಲೇ ಮುಟ್ಟಬೇಡಿ. ಹಗಲಿನಲ್ಲಿ ತೆಗೆದು, ಪ್ರಿಂಟಿಂಗಿನಲ್ಲಿ ನೀಲಿಗೆ ಎಳೆದು ರಾತ್ರಿ ಮಾಡುವುದು ಅಂದಿನ ರೂಢಿ. ಲ್ಯಾಬಿನ ಟೈಮರ್, ಅಂದರೆ ಪ್ರಿಂಟಿನ ಬಣ್ಣ ಹೊಂದಿಸುವ (ಟೈಮಿಂಗ್) ತಂತ್ರಜ್ಞ, ಪ್ರತಿ ಶಾಟಿಗೂ ಕೆಂಪು, ಹಸಿರು, ನೀಲಿ ದೀಪಗಳಿಗೆ 1ರಿಂದ 50ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತಿದ್ದರು. ಒಂದು ಅಂಕವೆಂದರೆ ಲಾಗ್ ಎಕ್ಸ್‌ಪೋಷರ್‌ನಲ್ಲಿ 0.025. ಆ ಅಂಕಗಳ ಚೀಟಿ ನಮಗೆ ಸಿಗದಿದ್ದರೂ ಅವರ ತೀರ್ಮಾನ ಈ ಪ್ರಿಂಟಿನೊಳಗೇ ಇದೆ. ಡೈ ಮಾಸಿದ್ದು ಇಡೀ ರೀಲಿಗೆ ಸಂಬಂಧಿಸಿದ್ದು, ಟೈಮಿಂಗ್ ಶಾಟಿಗೆ ಸಂಬಂಧಿಸಿದ್ದು. ಮೊದಲನೆಯದಕ್ಕೆ ರೀಲಿನುದ್ದಕ್ಕೂ ಒಂದೇ ತಿದ್ದುಪಡಿ ಹಾಕಿ. ಅದರ ಬದಲು ಶಾಟಿನಿಂದ ಶಾಟಿಗೆ ಹಾರಿ ಪ್ರತಿಯೊಂದನ್ನೂ ಬೂದು ಬಣ್ಣಕ್ಕೆ ತಂದರೆ ನಾವು ಅಳಿಸುವುದು ಕಾಲದ ಕಲೆಯನ್ನಲ್ಲ, ಒಬ್ಬ ಕುಶಲಕರ್ಮಿಯ ಕೆಲಸವನ್ನು. ಈ ವಿಷಯದಲ್ಲಿ ನನ್ನ ನಿಲುವು ಬಲವಾದದ್ದೇ.

ನೀಲಿ ನಿಜವಾಗಿಯೂ ಟೈಮಿಂಗಿನದೇ ಎಂದು ಪರೀಕ್ಷಿಸಲು ಆ ಶಾಟಿನ ಫ್ರೇಮ್ ಲೈನನ್ನೂ ಅದರ ಹಿಂದಿನ ಶಾಟಿನದನ್ನೂ ಅಳೆಯಿರಿ. ಎರಡೂ ಒಂದೇ ಕಪ್ಪಾಗಿದ್ದರೆ ಮಾಸಿದ್ದು ಸಮನಾಗಿದೆ, ನೀಲಿ ಬಹುಶಃ ಟೈಮರ್‌ನದು. ಮೂರನೇ ರೀಲು ಬೇರೆ ಡಬ್ಬಿಯಲ್ಲಿ ಇದ್ದಿದ್ದರೆ ಅದರ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡಿ.