ಟೆಸ್ಟೋಸ್ಟೆರಾನ್ ಕಡಿಮೆ ಇದೆ, ಇಂಜೆಕ್ಷನ್ ಹಾಕಿಸಿಕೊಳ್ಳಲಾ?

ಕೇಳಿದವರು, ದಾವಣಗೆರೆ:
ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿಲ್ಲ. ಹೆಂಡತಿಯ ರಿಪೋರ್ಟ್ ಎಲ್ಲಾ ನಾರ್ಮಲ್. ನನ್ನ ವೀರ್ಯಾಣು ಕೌಂಟ್ ಬರೀ 4 ಮಿಲಿಯನ್ ಬಂದಿದೆ, ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಕೂಡ ಕಡಿಮೆ. ಜಿಮ್ಮಿನ ಗೆಳೆಯ ‘ಒಂದು ಕೋರ್ಸ್ ಇಂಜೆಕ್ಷನ್ ಹಾಕಿಸ್ಕೋ, ಸರಿಹೋಗುತ್ತೆ’ ಅಂತಾನೆ. ಅನುಭವ ಇದ್ದವರು ಹೇಳಿ.

ವಿದ್ಯಾನಗರದಿಂದ:
ಬೇಡ ಮಾರಾಯ್ರೆ. ನಾನು ಹಾಕಿಸಿಕೊಂಡೇ ಕೆಟ್ಟವನು. ಆರು ತಿಂಗಳಲ್ಲಿ ತೋಳು ದಪ್ಪವಾಯಿತು, ಕೌಂಟ್ ಸೊನ್ನೆಗೆ ಬಂತು! ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಎರಡು ಹಾರ್ಮೋನು ಕಳಿಸಿದರೆ ಮಾತ್ರ ವೃಷಣ ಸರಿಯಾಗಿ ಕೆಲಸ ಮಾಡುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಸುರಿದರೆ ‘ಸಾಕಷ್ಟಿದೆ’ ಅಂದುಕೊಂಡು ಪಿಟ್ಯುಟರಿ ಅವೆರಡನ್ನೂ ನಿಲ್ಲಿಸುತ್ತದೆ. ರಕ್ತದಲ್ಲಿ ಜಾಸ್ತಿ, ವೃಷಣದೊಳಗೆ ಬರ. ಆ ಇಂಜೆಕ್ಷನ್ ಬಿಡಿಸಿ, ಎಲ್‌ಎಚ್ ಥರಾನೇ ಕೆಲಸ ಮಾಡುವ ಎಚ್‌ಸಿಜಿ ಕೊಟ್ಟರು. ಹತ್ತು ತಿಂಗಳಿಗೆ ಕೌಂಟ್ 11 ಮಿಲಿಯನ್. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕಂತೆ, ವಾರವಾರ ಟೆಸ್ಟ್ ಮಾಡಿಸಿ ತಲೆ ಕೆಡಿಸಿಕೊಳ್ಳಬೇಡಿ. ಸ್ಯಾಂಪಲ್‌ಗೆ ಮುಂಚೆ 2ರಿಂದ 7 ದಿನ ಬಿಡುವು ಇರಲಿ. ನನಗೆ ಸ್ಯಾಂಪಲ್ ಕೊಡಲು ತೋರಿಸಿದ್ದು ಚಿಲಕ ಮುರಿದ ಬಾತ್‌ರೂಮು. ಒಂದು ಕೈಯಲ್ಲಿ ಡಬ್ಬಿ, ಕಾಲಲ್ಲಿ ಬಾಗಿಲು ಒತ್ತಿಕೊಂಡಿದ್ದೆ.

ಚಳ್ಳಕೆರೆಯಿಂದ:
ಪ್ರೊಲ್ಯಾಕ್ಟಿನ್ ಅಂತ ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು, ಜಾಸ್ತಿಯಾದರೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಅದನ್ನು ನೋಡಿಸಿದ್ದೀರಾ? ನನಗೆ ಅದೇ ಜಾಸ್ತಿ ಇತ್ತು. ಆಸೆಯೇ ಇರುತ್ತಿರಲಿಲ್ಲ, ಕೆಲಸದ ಸುಸ್ತು ಅಂದುಕೊಂಡಿದ್ದೆ. ಎಂಆರ್‌ಐನಲ್ಲಿ ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆ ಕಂಡಿತು. ಗಡ್ಡೆ ಅಂದ ಕೂಡಲೇ ಅಮ್ಮ ಅಳುವುದಕ್ಕೆ ಶುರು. ಆಪರೇಷನ್ ಏನೂ ಬೇಕಾಗಲಿಲ್ಲ, ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೊಲಿನ್ ಮಾತ್ರೆ ವಾರಕ್ಕೆರಡು ಸಲ ಅಷ್ಟೇ. ಗ್ಯಾಸ್ಟ್ರಿಕ್‌ಗೆ ಡೊಂಪೆರಿಡೋನ್ ಇರುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಅದರಿಂದಲೂ ಪ್ರೊಲ್ಯಾಕ್ಟಿನ್ ಏರುತ್ತದೆ.

ಹೊಸದುರ್ಗದಿಂದ:
ನಮ್ಮನೆಯವರದು ಥೈರಾಯ್ಡ್. ಆದರೆ ಅದು ಗೊತ್ತಾಗುವ ಮುಂಚೆ ನಾಲ್ಕು ವರ್ಷ ಸ್ಕ್ಯಾನಿಂಗ್, ಹರಕೆ, ಉಪವಾಸ ಎಲ್ಲಾ ನನಗೇ. ಅತ್ತೆ ಮಗನನ್ನು ಒಂದು ದಿನವೂ ಲ್ಯಾಬಿಗೆ ಕಳಿಸಲಿಲ್ಲ. ನೀವು ನಿಮ್ಮ ರಿಪೋರ್ಟ್ ಇಟ್ಟುಕೊಂಡು ಕೇಳುತ್ತಿದ್ದೀರಲ್ಲ, ಅದೇ ಸಂತೋಷ ಅಣ್ಣ.

ವಿದ್ಯಾನಗರದಿಂದ ಮತ್ತೆ:
ಮರೆತಿದ್ದೆ. ಟೆಸ್ಟೋಸ್ಟೆರಾನ್‌ಗೆ ರಕ್ತ ಕೊಡುವುದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಬೆಣ್ಣೆ ದೋಸೆ ತಿಂದು ಮಧ್ಯಾಹ್ನ ಹೋದರೆ ಕಡಿಮೆ ತೋರಿಸಬಹುದು. ಇನ್ನೊಂದು ದಿನ ಮತ್ತೆ ಮಾಡಿಸಿ ನೋಡಿ. ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್ ನೋಡಲು ಟಿಎಸ್‌ಎಚ್ ಬರೆಸಿಕೊಳ್ಳಿ.

ಕೇಳಿದವರು:
ಅಯ್ಯೋ, ನಾನು ಕೊಟ್ಟಿದ್ದು ಊಟ ಆದಮೇಲೆ! ಸೋಮವಾರ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ಗೆಳೆಯನಿಗೆ ಇಂಜೆಕ್ಷನ್ ಬೇಡ ಅಂದೆ. ಆ ಚಿಲಕದ ಲ್ಯಾಬ್ ಯಾವ ಕಡೆ ಅಂತ ಮಾತ್ರ ಮೆಸೇಜ್ ಮಾಡಿ.